ಪಾಲೊಮಾರ್ ಬೆಟ್ಟಕ್ಕೆ ಬಂದ ಬೆಳಕಿನ ಟಪಾಲು

ಕ್ಯಾಲಿಫೋರ್ನಿಯಾದ ಸ್ಯಾನ್ ಡಿಯಾಗೊ ನಗರದಾಚೆ, ಸುಮಾರು 1,700 ಮೀಟರ್ ಎತ್ತರದ ಪಾಲೊಮಾರ್ ಬೆಟ್ಟದ ಮೇಲೊಂದು ಬಿಳಿ ಗುಮ್ಮಟವಿದೆ. ಒಳಗಿರುವುದು 1948ರಲ್ಲಿ ಲೋಕಾರ್ಪಣೆಯಾದ ಹೇಲ್ ದೂರದರ್ಶಕ. 5.1 ಮೀಟರ್ ವ್ಯಾಸದ ಕನ್ನಡಿಯ ಇದು ಕಾಲು ಶತಮಾನಕ್ಕೂ ಹೆಚ್ಚು ಕಾಲ ಜಗತ್ತಿನ ಅತಿ ದೊಡ್ಡ ದೂರದರ್ಶಕ ಎನಿಸಿಕೊಂಡಿತ್ತು. ಈಗ ಹವಾಯಿಯ ಕೆಕ್ ದೂರದರ್ಶಕಗಳ ಕನ್ನಡಿಗಳು ಇದರ ಸುಮಾರು ಎರಡರಷ್ಟು ಅಗಲ. ನಗರದ ದೀಪಗಳು ಬೆಟ್ಟದ ಕತ್ತಲನ್ನೂ ತೆಳುವಾಗಿಸಿವೆ. ಆದರೂ ಅಂತರಗ್ರಹ ಸಂವಹನದಲ್ಲಿ ಈಚೆಗೆ ಈ ಬೆಟ್ಟ ಮುಖ್ಯವಾದ ಜಾಗವಾಗಿತ್ತು.

ನಾಸಾದ ಸೈಕಿ ಬಾಹ್ಯಾಕಾಶ ನೌಕೆಯಲ್ಲಿ ಭೂಮಿಗೆ ಸಂದೇಶ ಕಳಿಸುವ 4 ವಾಟ್‌ನ ಪುಟ್ಟ ಲೇಸರ್ ಇದೆ. ಅದರ ಕಿರಣ ಭೂಮಿಗೆ ಬರುವಷ್ಟರಲ್ಲಿ ನೂರಾರು ಕಿಲೋಮೀಟರ್ ಅಗಲಕ್ಕೆ ಹರಡಿ, ದೂರದರ್ಶಕಕ್ಕೆ ದಕ್ಕುವುದು ಅದರ ಅತ್ಯಲ್ಪ ಪಾಲು ಫೋಟಾನ್‌ಗಳು. ಅವನ್ನು ಹೆಕ್ಕಿಕೊಳ್ಳಲು ದೊಡ್ಡ ಕನ್ನಡಿ ಬೇಕು, ಎಣಿಸಲು ಅದಕ್ಕಿಂತ ಸೂಕ್ಷ್ಮವಾದ ಕಣ್ಣು ಬೇಕು. ಆ ಕಣ್ಣನ್ನು ಜೆಟ್ ಪ್ರೊಪಲ್ಷನ್ ಲ್ಯಾಬೊರೇಟರಿ ತಯಾರಿಸಿತು: ಟಂಗ್‌ಸ್ಟನ್ ಸಿಲಿಸೈಡ್‌ನ ನ್ಯಾನೊ ತಂತಿಗಳ 64 ಘಟಕಗಳು. ನಿರಪೇಕ್ಷ ಶೂನ್ಯಕ್ಕಿಂತ ಸುಮಾರು ಒಂದು ಡಿಗ್ರಿಯಷ್ಟೇ ಮೇಲೆ ಈ ತಂತಿ ಅತಿವಾಹಕ; ವಿದ್ಯುತ್ತು ತಡೆಯಿಲ್ಲದೆ ಹರಿಯುತ್ತದೆ. ಒಂದೇ ಒಂದು ಫೋಟಾನ್ ಬಡಿದರೂ ಸಾಕು, ಅಲ್ಲಿ ಅತಿವಾಹಕತೆ ಕ್ಷಣಕಾಲ ಮುರಿದು ವೋಲ್ಟೇಜಿನ ಮಿಡಿತ ಹುಟ್ಟುತ್ತದೆ. ಸಂದೇಶ ಅಡಗಿರುವುದು ಫೋಟಾನ್ ಬಂದ ಹೊತ್ತಿನಲ್ಲೇ ಆದ್ದರಿಂದ ಆ ಕ್ಷಣವನ್ನು ಕರಾರುವಾಕ್ಕಾಗಿ ಗುರುತಿಸುವುದೇ ಅರ್ಧ ಗೆಲುವು. 2023ರ ಡಿಸೆಂಬರ್ 11ರಂದು 3.1 ಕೋಟಿ ಕಿಲೋಮೀಟರ್ ದೂರದಿಂದ ಸೆಕೆಂಡಿಗೆ 267 ಮೆಗಾಬಿಟ್ ವೇಗದಲ್ಲಿ ಬೆಕ್ಕೊಂದರ ವಿಡಿಯೊ ಇಲ್ಲಿಗೆ ಬಂತು. ತಮಾಷೆಯೆಂದರೆ, ಅದು ಬೆಟ್ಟದಿಂದ ಜೆಟ್ ಪ್ರೊಪಲ್ಷನ್ ಲ್ಯಾಬೊರೇಟರಿಗೆ ಅಂತರ್ಜಾಲದಲ್ಲಿ ಹೋದದ್ದು ಅದಕ್ಕಿಂತ ನಿಧಾನವಾಗಿ!

ರೇಡಿಯೊ ಇರುವಾಗ ಈ ಸಾಹಸವೇಕೆ ಎಂಬ ಪ್ರಶ್ನೆ ಸಹಜ. ಸೈಕಿಯ ನಿತ್ಯದ ವ್ಯವಹಾರ ನಡೆಯುವುದೂ ರೇಡಿಯೊದಲ್ಲೇ. ದೂರ ಹೆಚ್ಚಿದಂತೆ ಲೇಸರ್ ವೇಗವೂ ಕುಸಿಯುತ್ತದೆ, ನಿಜ. ಆದರೆ 2024ರ ಏಪ್ರಿಲ್‌ನಲ್ಲಿ 22.6 ಕೋಟಿ ಕಿಲೋಮೀಟರ್ ದೂರದಿಂದ ಸೆಕೆಂಡಿಗೆ ಒಂದು ಮೆಗಾಬಿಟ್ ಬಂದರೂ ಗುರಿ ಮುಟ್ಟಿದಂತೆ ಎಂದುಕೊಂಡಿದ್ದಲ್ಲಿ 25 ಮೆಗಾಬಿಟ್ ಬಂತು. ಹಾಗಾಗಿ ವೇಗದ ಆಕ್ಷೇಪ ನಿಲ್ಲುವುದಿಲ್ಲ. ಮೋಡದ ಆಕ್ಷೇಪ ನಿಲ್ಲುತ್ತದೆ: ರೇಡಿಯೊ ಮೋಡವನ್ನು ತೂರಿ ಬರುತ್ತದೆ, ಲೇಸರ್ ಬಾರದು. ಮೇಲಾಗಿ ಹೇಲ್‌ನ ರಾತ್ರಿಗಳಿಗಾಗಿ ಖಗೋಳ ವಿಜ್ಞಾನಿಗಳೂ ಸರದಿಯಲ್ಲಿದ್ದಾರೆ. 2025ರ ಸೆಪ್ಟೆಂಬರ್‌ನಲ್ಲಿ ಸೈಕಿಯ ಲೇಸರ್ ಪ್ರಯೋಗ ಮುಗಿಯಿತು. ಪಾಲೊಮಾರ್ ಕಾಯಂ ಲೇಸರ್ ನಿಲ್ದಾಣವಾಗಲಾರದು; ಆ ಕೆಲಸಕ್ಕೆ ಮೋಡ ಕಡಿಮೆಯಿರುವ ಒಂದಕ್ಕೊಂದು ದೂರವಿರುವ ಹಲವು ಜಾಗಗಳಲ್ಲಿ ಇಂಥದೇ ಕಣ್ಣುಳ್ಳ, ಅದಕ್ಕೆಂದೇ ಮೀಸಲಾದ ದೂರದರ್ಶಕಗಳನ್ನು ಕಟ್ಟಬೇಕು.