ಬಣ್ಣ ಕಳಚುವ ಎಣ್ಣೆ

ತುಮಕೂರು, ಗುಬ್ಬಿ, ಕುಣಿಗಲ್ ಸೀಮೆಯಲ್ಲಿ ಇರುಳೆಲ್ಲ ನಡೆಯುವ ‘ಕುರುಕ್ಷೇತ್ರ’ ನಾಟಕವನ್ನು ನಮ್ಮಲ್ಲಿ ಅನೇಕರು ನೋಡಿದ್ದೇವೆ. ಬೆಳಗಿನ ಜಾವ ತೆರೆ ಬಿದ್ದ ಮೇಲೆ ದುರ್ಯೋಧನನ ಪಾತ್ರಧಾರಿಯು ನೀರನ್ನು ಮುಟ್ಟುವುದಿಲ್ಲ. ಮೊದಲು ಮುಖಕ್ಕೆ ಕೊಬ್ಬರಿ ಎಣ್ಣೆಯನ್ನು ಸವರುತ್ತಾನೆ. 1884ರಲ್ಲಿ ಹುಟ್ಟಿ, ವೀರಣ್ಣನವರಿಂದ ನಾಡಿಗೆಲ್ಲ ಹೆಸರಾದ ನಾಟಕ ಕಂಪನಿಯ ತವರಿಗೆ ಈ ನೋಟ ಹೊಸದಲ್ಲ. ಆದರೆ ನೀರಿಗೆ ಜಗ್ಗದ ಬಣ್ಣವು ಎಣ್ಣೆಗೆ ಜಗ್ಗುವುದೇಕೆ?

ವೇಷದ ಬಣ್ಣವೆಂದರೆ ಸತುವಿನ ಆಕ್ಸೈಡು, ಕಬ್ಬಿಣದ ಆಕ್ಸೈಡು ಮುಂತಾದ ಪುಡಿಗಳನ್ನು ಎಣ್ಣೆಯಲ್ಲಿಯೋ ಮೇಣದಲ್ಲಿಯೋ ಕಲೆಸಿದ ಲೇಪ. ನೀರಿನ ಅಣುಗಳು ಪರಸ್ಪರ ಬಲವಾಗಿ ಸೆಳೆದುಕೊಂಡಿರುವುದರಿಂದ ಜಿಡ್ಡಿನೊಡನೆ ಬೆರೆಯವು. ಎಣ್ಣೆಯಾದರೋ ಜಿಡ್ಡಿನಲ್ಲಿ ಬೆರೆತು ಲೇಪವನ್ನು ಸಡಿಲಿಸುತ್ತದೆ. ಹಿಡಿತ ತಪ್ಪಿದ ಪುಡಿಯು ಬಟ್ಟೆಗೆ ಬರುತ್ತದೆ.

ಉಳಿದ ಜಿಡ್ಡಿನ ಗತಿಯೇನು? ಒಂದು ಲೋಟ ನೀರಿಗೆ ನಾಲ್ಕು ಹನಿ ಎಣ್ಣೆ ಹಾಕಿ ಅಲುಗಿಸೋಣ. ಎಣ್ಣೆ ಮತ್ತೆ ಮೇಲೆ ತೇಲುತ್ತದೆ. ಸ್ವಲ್ಪ ಸೋಪಿನ ನೀರು ಬೆರೆಸಿ ಅಲುಗಿಸಿದರೆ ಹಾಲಿನಂತಾಗುತ್ತದೆ. ಸೋಪಿನ ಅಣುವಿನ ಒಂದು ತುದಿ ನೀರನ್ನೂ ಇನ್ನೊಂದು ತುದಿ ಎಣ್ಣೆಯನ್ನೂ ಹಿಡಿಯುವುದೇ ಇದಕ್ಕೆ ಕಾರಣ. ಸೀಗೆಕಾಯಿಯ ಸಪೋನಿನ್ ಮಾಡುವುದೂ ಇದನ್ನೇ. ಇಂದು ಅಂಗಡಿಯಲ್ಲಿ ದೊರೆಯುವ ‘ಕ್ಲೆನ್ಸಿಂಗ್ ಆಯಿಲ್’ನಲ್ಲಿ ಇಂಥ ವಸ್ತುವನ್ನು ಮೊದಲೇ ಬೆರೆಸಿರುತ್ತಾರೆ; ಆದುದರಿಂದ ಅದು ನೀರಿನಲ್ಲಿ ತೊಳೆದುಹೋಗುತ್ತದೆ.

ಇದು ಬರಿಯ ಅಂದದ ಮಾತಲ್ಲ. ಹಿಂದೆ ವೇಷಕ್ಕೆ ಬಳಸುತ್ತಿದ್ದ ಅರದಾಳವು ಆರ್ಸೆನಿಕ್ಕಿನ ಸಲ್ಫೈಡು, ಇಂಗಳೀಕವು ಪಾದರಸದ್ದು. ಒಣ ಮುಖವನ್ನು ಒರಟಾಗಿ ಉಜ್ಜಿ ಗಾಯವಾದರೆ ಇಂಥ ವಿಷಗಳಿಗೆ ನಾವೇ ಬಾಗಿಲು ತೆರೆದಂತೆ. ಶಾಲೆಯ ನಾಟಕಕ್ಕೆ ಬಣ್ಣ ಹಚ್ಚಿಕೊಳ್ಳುವ ಮೊದಲು ಅದರಲ್ಲಿ ಏನಿದೆಯೆಂದು ಕೇಳೋಣ. ಮಲಗುವ ಮೊದಲು ಎಣ್ಣೆಯಿಂದ ಮೆಲ್ಲಗೆ ಕಳಚೋಣ.