ಮುರಿದ ಮೂಳೆ ಕೂಡಿದರೆ ಸಾಲದು

ಮನೆಯ ಹಿರಿಯರು ವುಝೂ ಮಾಡುವಾಗ ಜಾರಿ ಬಿದ್ದು ಮಣಿಕಟ್ಟು ಮುರಿದುಕೊಂಡರೆ ನಾವು ಪ್ಲಾಸ್ಟರ್ ಹಾಕಿಸುತ್ತೇವೆ. ಮೂಳೆ ಕೂಡಿದ ಮೇಲೆ ‘ವಯಸ್ಸಾಯಿತಲ್ಲ, ಇದ್ದದ್ದೇ’ ಎಂದು ಮರೆತುಬಿಡುತ್ತೇವೆ. ಆದರೆ ನಿಂತಲ್ಲಿಂದ ಬಿದ್ದ ಮಾತ್ರಕ್ಕೆ ಗಟ್ಟಿ ಮೂಳೆ ಸಾಮಾನ್ಯವಾಗಿ ಮುರಿಯುವುದಿಲ್ಲ. 50 ದಾಟಿದವರಲ್ಲಿ ಹಾಗೆ ಮುರಿದರೆ ಅದು ಆಸ್ಟಿಯೊಪೊರೋಸಿಸ್, ಅಂದರೆ ಮೂಳೆ ಟೊಳ್ಳಾಗುವ ಕಾಯಿಲೆಯ ಎಚ್ಚರಿಕೆ ಇರಬಹುದು. ಇದನ್ನು ಕಡೆಗಣಿಸಿದರೆ ಮುಂದೆ ಸೊಂಟವೇ ಮುರಿಯಬಹುದು. ಸೊಂಟ ಮುರಿದ ಅನೇಕ ಹಿರಿಯರು ಮತ್ತೆ ಮೊದಲಿನಂತೆ ನಡೆದಾಡುವುದಿಲ್ಲ.

ಇದು ಮಂಡಿನೋವಿನಂತಲ್ಲ. ಮೂಳೆ ಮುರಿಯುವವರೆಗೂ ನೋವು ಇರುವುದಿಲ್ಲ. ಎತ್ತರ ಕಡಿಮೆಯಾಗುವುದು, ಬೆನ್ನು ಬಾಗುವುದು ಬೆನ್ನುಮೂಳೆ ಸದ್ದಿಲ್ಲದೆ ಕುಸಿದಿರುವುದರ ಗುರುತಾಗಿರಬಹುದು. ಮುಟ್ಟು ನಿಂತ ಮಹಿಳೆಯರಲ್ಲಿ ಇದು ಹೆಚ್ಚು, ಪುರುಷರಿಗೂ ಬರುತ್ತದೆ. ಬೇಗ ಮುಟ್ಟು ನಿಂತವರು, ಮೂರು ತಿಂಗಳಿಗಿಂತ ಹೆಚ್ಚು ಸ್ಟೀರಾಯ್ಡ್ ಮಾತ್ರೆ ನುಂಗಿದವರು, ಬೀಡಿ-ಸಿಗರೇಟು ಸೇದುವವರು, ತಂದೆ ಅಥವಾ ತಾಯಿಯ ಸೊಂಟ ಮುರಿದಿದ್ದವರು ಹೆಚ್ಚು ಎಚ್ಚರವಾಗಿರಬೇಕು.

ಪತ್ತೆಗೆ ಡೆಕ್ಸಾ ಎಂಬ ಸ್ಕ್ಯಾನ್ ಇದೆ. ಇದರಲ್ಲಿ ನೋವಿಲ್ಲ, ಕೆಲವೇ ನಿಮಿಷ ಸಾಕು. ಇದರ ಟಿ-ಸ್ಕೋರ್ ಮೈನಸ್ 1 ಅಥವಾ ಅದಕ್ಕಿಂತ ಮೇಲಿದ್ದರೆ ಸಹಜ, ಮೈನಸ್ 2.5 ಅಥವಾ ಅದಕ್ಕಿಂತ ಕೆಳಗಿದ್ದರೆ ಆಸ್ಟಿಯೊಪೊರೋಸಿಸ್. 65 ದಾಟಿದ ಮಹಿಳೆಯರು, 70 ದಾಟಿದ ಪುರುಷರು ಇದನ್ನು ಮಾಡಿಸಿಕೊಳ್ಳುವುದು ಒಳ್ಳೆಯದು. ಈಗಾಗಲೇ ಮೂಳೆ ಮುರಿದಿದ್ದರೆ ಅಷ್ಟು ವರ್ಷ ಕಾಯಬಾರದು. ಜೊತೆಗೆ ವೈದ್ಯರು ರಕ್ತದಲ್ಲಿ ಕ್ಯಾಲ್ಸಿಯಂ, ವಿಟಮಿನ್ ಡಿ, ಥೈರಾಯ್ಡ್ ಮತ್ತು ಕಿಡ್ನಿಯ ಸ್ಥಿತಿಯನ್ನೂ ನೋಡುತ್ತಾರೆ.

ಹಿರಿಯರಿಗೆ ದಿನಕ್ಕೆ 1000ದಿಂದ 1200 ಮಿಲಿಗ್ರಾಂ ಕ್ಯಾಲ್ಸಿಯಂ ಬೇಕು. ಹಾಲು, ಮೊಸರು, ರಾಗಿ, ಎಳ್ಳು, ಮುಳ್ಳಿನ ಸಮೇತ ತಿನ್ನುವ ಸಣ್ಣ ಮೀನು ಇವೆಲ್ಲ ನಮ್ಮ ಅಡುಗೆಮನೆಯಲ್ಲೇ ಇವೆ. ವಿಟಮಿನ್ ಡಿಗೆ ಬಿಸಿಲು ಚರ್ಮಕ್ಕೆ ನೇರ ತಾಗಬೇಕು. ಕಿಟಕಿಯ ಗಾಜಿನ ಒಳಗಿನ ಬಿಸಿಲು ಸಾಲದು. ಹೊರಗೆ ಹೋಗುವಾಗ ಮೈ ಮುಚ್ಚಿಕೊಳ್ಳುವ ಮಹಿಳೆಯರು ಮನೆಯ ತಾರಸಿ ಅಥವಾ ಹಿತ್ತಿಲಿನ ಮರೆಯಲ್ಲಿ ಕೈಕಾಲಿಗೆ ಬಿಸಿಲು ಬೀಳುವಂತೆ ಕೂರಬಹುದು.

ಕಾಯಿಲೆ ಖಚಿತವಾದರೆ ಕ್ಯಾಲ್ಸಿಯಂ ಮಾತ್ರೆಯೊಂದೇ ಸಾಲದು. ವೈದ್ಯರು ಹೆಚ್ಚಾಗಿ ವಾರಕ್ಕೊಂದು ಅಲೆಂಡ್ರೊನೇಟ್ ಮಾತ್ರೆ ಕೊಡುತ್ತಾರೆ. ಅದನ್ನು ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಒಂದು ಲೋಟ ಬರೀ ನೀರಿನೊಂದಿಗೆ ನುಂಗಿ, ಅರ್ಧ ಗಂಟೆ ಏನೂ ತಿನ್ನದೆ, ಮಲಗದೆ, ಬಾಗದೆ ನೇರವಾಗಿರಬೇಕು. ಇಲ್ಲದಿದ್ದರೆ ಅನ್ನನಾಳ ಹುಣ್ಣಾಗಬಹುದು. ರಮಝಾನ್‌ನಲ್ಲಿ ಸಹರಿಗೆ ಅರ್ಧ ಗಂಟೆ ಮೊದಲೇ ಎದ್ದು ನುಂಗಬಹುದೇ ಎಂದು ವೈದ್ಯರನ್ನು ಕೇಳಿಕೊಳ್ಳಿ. ಒಂದು ತಿಂಗಳು ಸುಮ್ಮನೆ ಬಿಟ್ಟುಬಿಡಬೇಡಿ. ಮಾತ್ರೆ ಒಗ್ಗದವರಿಗೆ ವರ್ಷಕ್ಕೊಮ್ಮೆ ಕೊಡುವ ಝೋಲೆಡ್ರೊನಿಕ್ ಆಸಿಡ್ ಇಂಜೆಕ್ಷನ್ ಇದೆ. ಆರು ತಿಂಗಳಿಗೊಮ್ಮೆ ಡೆನೊಸುಮ್ಯಾಬ್ ಇಂಜೆಕ್ಷನ್ ಪಡೆಯುವವರು ಅದನ್ನು ತಾವಾಗಿಯೇ ನಿಲ್ಲಿಸಬಾರದು. ನಿಲ್ಲಿಸಿದರೆ ಮೂಳೆ ಬೇಗನೆ ಸವೆದು ಬೆನ್ನುಮೂಳೆ ಮುರಿಯುವ ಅಪಾಯವಿದೆ.

ಬೀಳದಂತೆ ನೋಡಿಕೊಳ್ಳುವುದೂ ಚಿಕಿತ್ಸೆಯೇ. ವುಝೂ ಜಾಗದಲ್ಲಿ ಜಾರದ ಮ್ಯಾಟ್, ಕೂರಲು ಗಟ್ಟಿಯಾದ ಸ್ಟೂಲ್, ಗೋಡೆಗೆ ಹಿಡಿಕೆ, ಫಜ್ರ್‌ಗೆ ಏಳುವವರ ದಾರಿಯಲ್ಲಿ ಒಂದು ಸಣ್ಣ ದೀಪ ಇರಲಿ. ಬೆನ್ನುಮೂಳೆ ಕುಸಿದವರಿಗೆ ಮುಂದಕ್ಕೆ ಬಾಗುವುದು ಅಪಾಯಕಾರಿ. ವೈದ್ಯರು ಬಾಗಬೇಡಿ ಎಂದರೆ ಕುರ್ಚಿಯಲ್ಲಿ ಕುಳಿತು ನಮಾಝ್ ಮಾಡಲು ಹಿರಿಯರು ಸಂಕೋಚಪಡಬೇಕಾಗಿಲ್ಲ. ರೋಗಿಗೆ ಆ ರಿಯಾಯಿತಿ ಇದ್ದೇ ಇದೆ. ಆ ಕುರ್ಚಿಯನ್ನು ಅವರು ಕೇಳುವ ಮೊದಲೇ ತಂದಿಡುವುದು ಮಕ್ಕಳಾದ ನಮ್ಮ ಕೆಲಸ.