‘ಬೈ’ ಬಟನ್ ಒತ್ತಿದ್ರೆ ಅದು ನಿಮ್ಮದಾಗುತ್ತಾ?

ಬೆಂಗಳೂರಿನ ಅವೆನ್ಯೂ ರಸ್ತೆಯಲ್ಲಿ ಒಂದು ಪುಸ್ತಕ ಕೊಂಡರೆ ಅದು ನಿಮ್ಮದು. ಗೆಳೆಯರಿಗೆ ಕೊಡಬಹುದು, ಓದಿ ಮುಗಿದ ಮೇಲೆ ಅದೇ ರಸ್ತೆಯಲ್ಲಿ ಮಾರಲೂಬಹುದು. ಅಂಗಡಿಯವರು ರಾತ್ರೋರಾತ್ರಿ ಮನೆಗೆ ಬಂದು ವಾಪಸ್ ಎತ್ತಿಕೊಂಡು ಹೋಗಲ್ಲ. ಆದರೆ ಇ-ಬುಕ್ ಕೊಂಡರೆ?

2009ರ ಜುಲೈನಲ್ಲಿ ಅಮೆಜಾನ್, ಗ್ರಾಹಕರು ದುಡ್ಡು ಕೊಟ್ಟು ಕೊಂಡಿದ್ದ ಜಾರ್ಜ್ ಆರ್ವೆಲ್‌ನ ‘1984’ ಮತ್ತು ‘ಅನಿಮಲ್ ಫಾರ್ಮ್’ ಪ್ರತಿಗಳನ್ನು ಅವರ ಕಿಂಡಲ್‌ಗಳಿಂದ ದೂರದಲ್ಲೇ ಕೂತು ಅಳಿಸಿಹಾಕಿತು. ಅಪ್‌ಲೋಡ್ ಮಾಡಿದವರಿಗೆ ಮಾರುವ ಹಕ್ಕಿರಲಿಲ್ಲ ಅನ್ನೋದು ಕಾರಣ. ಹಣ ಮರಳಿಸಿದರು, ಜೆಫ್ ಬೆಜೋಸ್ ಕ್ಷಮೆ ಕೇಳಿದರು. 2019ರಲ್ಲಿ ಮೈಕ್ರೋಸಾಫ್ಟ್ ತನ್ನ ಇ-ಬುಕ್ ಮಳಿಗೆ ಮುಚ್ಚಿದಾಗಲೂ ಅಷ್ಟೇ: ಹಣ ವಾಪಸ್, ಪುಸ್ತಕ ಮಾಯ.

ಇದು ಸಾಧ್ಯವಾಗುವುದು ಹೇಗೆ? ನೀವು ಕೊಳ್ಳುತ್ತಿರುವುದು ವಸ್ತುವನ್ನಲ್ಲ, ಬಳಸುವ ಪರವಾನಗಿಯನ್ನು. ಯಾರೂ ಓದದೆ ‘ಐ ಅಗ್ರೀ’ ಒತ್ತುವ ಷರತ್ತುಗಳಲ್ಲಿ ಅದು ಬರೆದಿರುತ್ತೆ. ಈ ಮರೆಮಾಚಾಟದ ವಿರುದ್ಧ ಕ್ಯಾಲಿಫೋರ್ನಿಯಾ 2024ರಲ್ಲಿ ಕಾನೂನು ಮಾಡಿತು: ಮಾರುತ್ತಿರುವುದು ಪರವಾನಗಿಯಾದರೆ ಅದನ್ನು ಸ್ಪಷ್ಟವಾಗಿ ಹೇಳದೆ ‘ಬೈ’ ಎಂಬ ಪದ ಬಳಸುವಂತಿಲ್ಲ.

‘ಕೊಂಡರೂ ನಮ್ಮದಲ್ಲ ಅಂದಮೇಲೆ ಪೈರಸಿ ಹೇಗೆ ಕಳ್ಳತನ?’ ಅನ್ನುವ ವಾದ ಹುಟ್ಟುವುದು ಇಲ್ಲೇ. ಅದರಲ್ಲಿ ಅರ್ಧ ಸತ್ಯವಿದೆ. ಸೈಕಲ್ ಕದ್ದರೆ ಮಾಲೀಕನ ಬಳಿ ಸೈಕಲ್ ಇರಲ್ಲ. ಫೈಲ್ ನಕಲು ಮಾಡಿದರೆ ಮೂಲ ಅಲ್ಲೇ ಇರುತ್ತೆ. ಆದರೆ ಮಾಡಿದವರ ದುಡಿಮೆಗೆ ಬರಬೇಕಾದ ಕೂಲಿ ಬರಲ್ಲ. ಬಿಡುಗಡೆಯಾದ ದಿನವೇ ಟೆಲಿಗ್ರಾಂನಲ್ಲಿ ಹರಿದಾಡುವ ಸಣ್ಣ ಬಜೆಟ್‌ನ ಕನ್ನಡ ಸಿನಿಮಾದ ಪೆಟ್ಟು ಬೀಳುವುದು ದೈತ್ಯ ಕಂಪನಿಗಳ ಮೇಲಲ್ಲ. ಕಂಪನಿಯ ಮೇಲಿನ ಸಿಟ್ಟಿಗೆ ಸಂಕಲನಕಾರನ ಸಂಬಳ ಕತ್ತರಿಸುವುದು ಯಾವ ನ್ಯಾಯ?

ಹಾಗಂತ ಎಲ್ಲ ನಕಲೂ ಒಂದೇ ಅಲ್ಲ. ದೆಹಲಿ ವಿಶ್ವವಿದ್ಯಾಲಯದ ಆವರಣದ ಜೆರಾಕ್ಸ್ ಅಂಗಡಿಯೊಂದರ ಮೇಲೆ ಆಕ್ಸ್‌ಫರ್ಡ್, ಕೇಂಬ್ರಿಡ್ಜ್ ಪ್ರಕಾಶನಗಳು ಕೇಸು ಹಾಕಿದ್ದವು. 2016ರಲ್ಲಿ ದೆಹಲಿ ಹೈಕೋರ್ಟ್ ವಿದ್ಯಾರ್ಥಿಗಳ ಪರ ನಿಂತಿತು. ಬೋಧನೆಗಾಗಿ ಪುಸ್ತಕದ ಭಾಗಗಳನ್ನು ನಕಲು ಮಾಡಲು 1957ರ ಕಾಪಿರೈಟ್ ಕಾಯ್ದೆಯೇ ಅವಕಾಶ ಕೊಟ್ಟಿದೆ ಎಂದಿತು. ಅಂದರೆ ಲಾಭಕ್ಕಾಗಿ ಕದ್ದು ಮಾರುವವನೂ ಓದಲು ದಾರಿಯಿಲ್ಲದೆ ನಕಲು ಮಾಡುವ ವಿದ್ಯಾರ್ಥಿಯೂ ಒಂದೇ ತಕ್ಕಡಿಯಲ್ಲಿ ತೂಗುವವರಲ್ಲ.

ಆದರೆ ಶಿಕ್ಷೆಯ ವಿಷಯಕ್ಕೆ ಬಂದರೆ ಪ್ರಭುತ್ವದ ಉತ್ಸಾಹವೇ ಬೇರೆ. 2023ರ ಸಿನಿಮಾಟೋಗ್ರಾಫ್ ತಿದ್ದುಪಡಿ ಚಿತ್ರಮಂದಿರದಲ್ಲಿ ಕದ್ದು ಚಿತ್ರೀಕರಿಸುವವರಿಗೆ 3 ವರ್ಷದವರೆಗೆ ಜೈಲು, ಕನಿಷ್ಠ 3 ಲಕ್ಷ ರೂ. ದಂಡ ವಿಧಿಸುತ್ತದೆ. ಕರ್ನಾಟಕವಂತೂ 2014ರಲ್ಲಿ ‘ಡಿಜಿಟಲ್ ಅಪರಾಧಿ’ಗಳನ್ನು ಗೂಂಡಾ ಕಾಯ್ದೆಗೇ ಸೇರಿಸಿತು. ವಿಚಾರಣೆಗೂ ಮೊದಲೇ ಬಂಧನದಲ್ಲಿಡಲು ಅವಕಾಶವಿರುವ ಕಾಯ್ದೆ ಅದು. ನಕಲು ಮಾಡುವವರಿಗೆ ಇಷ್ಟೆಲ್ಲ ಬಿಗಿ. ಕೊಂಡದ್ದನ್ನು ಅಳಿಸಿಹಾಕುವ ಕಂಪನಿಗೆ?

ನಾವು ಕೇಳಬೇಕಾದ್ದು ಪೈರಸಿಯ ಹಕ್ಕನ್ನಲ್ಲ, ಒಡೆತನದ ಹಕ್ಕನ್ನು. ಮಾರಾಟ ಅಂತ ಹೇಳಿದರೆ ಅದು ಮಾರಾಟವೇ ಆಗಿರಲಿ. ಕೊಂಡ ಫೈಲನ್ನು ಇಟ್ಟುಕೊಳ್ಳುವ, ಇನ್ನೊಬ್ಬರಿಗೆ ಕೊಡುವ ದಾರಿ ಇರಲಿ. ಗ್ರಂಥಾಲಯಗಳಿಗೆ ಕೈಗೆಟುಕುವ ದರದಲ್ಲಿ ಡಿಜಿಟಲ್ ಪ್ರತಿ ಸಿಗಲಿ. ಅಲ್ಲಿಯವರೆಗೆ, ಕನ್ನಡದ ಸಣ್ಣ ಪ್ರಕಾಶಕರಿಗೂ ಸಿನಿಮಾದವರಿಗೂ ಸಲ್ಲಬೇಕಾದ ದುಡ್ಡನ್ನು ಅವರಿಗೇ ಕೊಡೋಣ. ಜಗಳ ಅವರ ಜೊತೆಗಲ್ಲ.